ನೂರ ಹನ್ನೆರಡು ಮನೆಗಳ ಮಾತು

“ಇಷ್ಟೂ ಮನೆಯವರ ಮಾತು ಒಂದೇ ವಾರದಲ್ಲಿ ಬದಲಾಗಿಹೋಯ್ತಾ?”

ಟೀಚರ್ ಕೇಳಿದ್ದು ಯಾರನ್ನೂ ಅಲ್ಲ. ಮಕ್ಕಳು ಊಟಕ್ಕೆ ಹೋಗಿದ್ದರು. ಖಾಲಿ ಬೆಂಚುಗಳು ಏನು ಹೇಳಿಯಾವು? ಅವಳ ಕೈಯಲ್ಲಿ ಇಲಾಖೆಯ ಪತ್ರವಿತ್ತು. ಭಾಷಾ ಗಣತಿಯ ಮೊದಲ ಪಟ್ಟಿಯ ಪ್ರಕಾರ ಈ ಗಲ್ಲಿಯ ನೂರ ಹನ್ನೆರಡು ಮನೆಗಳಲ್ಲೂ ಆಡುವುದು ರಾಜಧಾನಿಯ ಆಡಳಿತ ಭಾಷೆಯನ್ನೇ. ಪಟ್ಟಿ ಅಂತಿಮವಾದ ಕೂಡಲೇ ಅವಳ ಮಾತೃಭಾಷಾ ತರಗತಿಯನ್ನು ಮುಚ್ಚತಕ್ಕದ್ದು.

ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತರೆ ಐದು ಭಾಷೆಗಳಲ್ಲಿ ಜಗಳ ಕೇಳಿಸುವ ಗಲ್ಲಿ ಅದು. ಬಣ್ಣದ ಕಾರ್ಖಾನೆಗೆಂದು ಬೆಟ್ಟದಾಚೆಯಿಂದ ಬಂದ ಅವಳ ಜನವೇ ಅರ್ಧಕ್ಕರ್ಧ. ಅವರ ನುಡಿಗೆ ಇಡೀ ನಗರದಲ್ಲಿದ್ದದ್ದು ಈ ಒಂದು ಕೋಣೆ, ಒಂದು ಕಪ್ಪುಹಲಗೆ, ಇಪ್ಪತ್ತಮೂರು ಮಕ್ಕಳು.

ಗಣತಿ ಮಾಡಿದವನು ಹೊರಗಿನವನಾಗಿದ್ದರೆ ಹಿಡಿಶಾಪ ಹಾಕಿ ಸುಮ್ಮನಾಗಬಹುದಿತ್ತು. ಮಾಡಿದವನು ಅವಳ ಒಡಹುಟ್ಟಿದ ತಮ್ಮ.

ಅಷ್ಟರಲ್ಲಿ ಅವನೇ ಬಂದ. ಕಂಕುಳಲ್ಲಿ ಫೈಲು, ಮುಖದ ತುಂಬ ನಗು.

“ಅಕ್ಕಾ, ಒಂದು ಸಹಿ ಬೇಕಿತ್ತು. ಗಣತಿ ಸರಿಯಾಗಿ ನಡೆದಿದೆ ಅಂತ ಗಲ್ಲಿ ಶಾಲೆಯವರು ಬರ್ಕೊಡ್ಬೇಕಂತೆ.”

ಅವಳು ಪತ್ರವನ್ನು ಅವನ ಮುಂದೆ ಚಾಚಿದಳು. ಓದುತ್ತ ಓದುತ್ತ ಅವನ ನಗು ಇಳಿಯಿತು.

“ನಮ್ಮ ಭಾಷೆ ಗಣತಿಗೆ ಕೊಟ್ಟಿರೋ ಟ್ಯಾಬ್‌ನಲ್ಲಿ ಇಲ್ಲವೇ ಇಲ್ಲ ಅಕ್ಕ. ‘ಇತರೆ’ ಒತ್ತಿದ್ರೆ ಇನ್ನೂ ಹದಿನಾರು ಪ್ರಶ್ನೆ ತೆರ್ಕೊಳ್ಳುತ್ತೆ. ದಿನಕ್ಕೆ ನಲವತ್ತು ಮನೆ ಮುಗಿಸ್ಬೇಕು. ಎಲ್ಲರೂ ಮೊದಲಿಗಿರೋ ಆಡಳಿತ ಭಾಷೆನೇ ಒತ್ತೋದು. ನಾನೊಬ್ಬನೇನಾ?”

“ನೀನು ಒತ್ತಿದ್ದು ಗುಂಡಿನೋ, ನಮ್ಮೆಲ್ಲರ ಕತ್ತೋ? ಮನೆಯವರನ್ನ ಕೇಳಿದ್ಯಾ?”

“ಕೇಳೋದೇನು, ಎಲ್ಲ ಗೊತ್ತಿರೋ ಮನೆಗಳೇ ತಾನೆ.”

“ಗೊತ್ತಿದ್ದೂ ಒತ್ತಿದೆ! ಅಮ್ಮಂದು?”

ಅವನು ಕಿಟಕಿಯ ಕಡೆ ನೋಡಿದ.

“ಅಮ್ಮಂದು ಏನು ಒತ್ತಿದೆ, ಹೇಳೋ!”

“ಅದನ್ನೇ.”

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಈ ನಗರದಲ್ಲಿದ್ದೂ ಅಂಗಡಿಯಲ್ಲಿ ಬೆರಳು ತೋರಿಸಿ ಉಪ್ಪು ಕೊಳ್ಳುವ ಅಮ್ಮ. ದೇವರನ್ನು ಅವಳು ಕರೆಯುವುದು ತನ್ನ ನುಡಿಯ ಪದ್ಯಗಳಲ್ಲೇ. ಆ ಪದ್ಯ ಕೇಳದಿದ್ದರೆ ಈ ಮಹಾರಾಯ ತೊಟ್ಟಿಲಲ್ಲಿ ಕಣ್ಣೇ ಮುಚ್ಚುತ್ತಿರಲಿಲ್ಲ.

“ಆ ಭಾಷೆಯಲ್ಲಿ ಅಮ್ಮನಿಗೆ ನೀರು ಕೇಳೋಕೂ ಬರಲ್ಲ. ನಾಳೆ ಆಸ್ಪತ್ರೆಯಲ್ಲಿ ಇವಳ ಮಾತು ತಿಳಿಯೋರೊಬ್ಬರು ಬೇಕು ಅಂತ ಕೇಳಿದ್ರೆ, ಅಂಥ ಭಾಷೆಯವರು ಈ ಗಲ್ಲಿಯಲ್ಲೇ ಇಲ್ಲ ಅಂತಾರೆ. ಹಾಗಂತ ಬರೆದವನು ಅವಳು ಹೆತ್ತ ಮಗ! ನಾಚಿಕೆ ಆಗಲ್ವೇನೋ?”

“ಬೈಯಿ ಅಕ್ಕ, ಎಷ್ಟು ಬೇಕಾದ್ರೂ ಬೈಯಿ. ಆದ್ರೆ ನಿನ್ನ ಸಹಿ ಇಲ್ದಿದ್ರೆ ಗಲ್ಲಿ ಪೂರ್ತಿ ಮರುಗಣತಿ ಆಗುತ್ತೆ. ನನ್ನನ್ನ ಮನೆಗೆ ಕಳಿಸ್ತಾರೆ. ಆರು ವರ್ಷ ದಿನಗೂಲಿ ಮಾಡಿದೀನಿ, ಈ ತಿಂಗಳು ಖಾಯಂ ಆಗೋದಿತ್ತು.” ಅವನು ಫೈಲು ಬಿಚ್ಚಿ ಅವಳ ಮುಂದಿಟ್ಟ. “ಎತ್ತಿ ಆಡಿಸಿದ ತಮ್ಮ ಕಣೇ ನಾನು.”

ಅದು ಅವಳಿಗೆ ಚುಚ್ಚದೆ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು ಅವಳೇ. ಅವನು ಪೆನ್ನಿನ ಮುಚ್ಚಳ ತೆಗೆದು ಅವಳ ಬೆರಳುಗಳ ನಡುವೆ ಇಟ್ಟ.

ಅವಳು ಪೆನ್ನನ್ನು ಫೈಲಿನ ಮೇಲಿಟ್ಟು ಅವನ ಕಡೆಗೇ ತಳ್ಳಿದಳು.

“ಹಾಕಲ್ಲ. ಮರುಗಣತಿ ಆಗ್ಲಿ. ನೀನು ನನ್ನ ತಮ್ಮ ಅನ್ನೋ ಕಾರಣಕ್ಕೂ ಹಾಕಲ್ಲ.”