ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ

ನಾನು ಗಾಳಿ ಅಳೆಯುವ ಒಂದು ಯಂತ್ರ. ಹುಟ್ಟಿದ್ದು ತಗಡಿನ ಶೆಡ್ಡೊಂದರಲ್ಲಿ. ನೋಡುವುದಕ್ಕೆ ಕಾಲು ಬಂದ ಅಂಚೆಪೆಟ್ಟಿಗೆಯ ಹಾಗಿದ್ದೇನೆ. ಹೊಟ್ಟೆಯಲ್ಲಿ ಮೋಟಾರು, ಕತ್ತಿನಲ್ಲಿ ಒಂದು ಬಿಳಿ ಕಾಗದ. ದಿನವಿಡೀ ಗಾಳಿ ಎಳೆದು ಅದರ ಮಸಿಯನ್ನು ಆ ಕಾಗದದ ಮೇಲೆ ಹಿಡಿದಿಡಬೇಕು. ನನಗೆ ಬರುವ ಕೆಲಸ ಅದೊಂದೇ.

ಮೊದಲ ಆರು ವರ್ಷ ಪಟ್ಟಣದ ಸರ್ಕಲ್ಲೊಂದರಲ್ಲಿ ನಿಂತೆ. ಕಸದ ಡಬ್ಬಿಯೆಂದುಕೊಂಡು ಕಡಲೆಕಾಯಿ ಸಿಪ್ಪೆ ತುರುಕಿದವರನ್ನು ಬಿಟ್ಟರೆ ಯಾರೂ ನನ್ನ ಹತ್ತಿರ ಬರಲಿಲ್ಲ.

ಆಮೇಲೆ ಮಂಡ್ಯ ಸೀಮೆಯ ಒಂದು ಹಳ್ಳಿಗೆ ತಂದು, ಆಸ್ಪತ್ರೆಯ ತಾರಸಿಯ ಮೇಲೆ ನಿಲ್ಲಿಸಿದರು. ಎದುರಿಗೇ ಆಲೆಮನೆ. ಬೆಲ್ಲದ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಸಬೇಕು. ಅದು ಒಣಗುವವರೆಗೆ ಕಾಯುವ ತಾಳ್ಮೆಯಿಲ್ಲದೆ ಧಣಿ ಹಳೆಯ ಟೈರು ಉರಿಸುತ್ತಿದ್ದ. ಟೈರಿನ ಹೊಗೆಯಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ಮಾರುದ್ದ ಹೆಸರಿನ ವಿಷಗಳಿರುತ್ತವಂತೆ, ಕೆಲವು ಕ್ಯಾನ್ಸರ್ ತರುತ್ತವಂತೆ. ಪ್ರಯೋಗಾಲಯದ ಹುಡುಗ ಫಣೀಂದ್ರ ವಾರಕ್ಕೊಮ್ಮೆ ಬಂದು ಕಾಗದ ಒಯ್ಯುತ್ತಿದ್ದ. ವಿಷ ಮಿತಿ ಮೀರಿದ್ದು ಕಂಡರೆ ಧಣಿಗೆ ನೋಟಿಸು.

ಆ ನೋಟಿಸಿಗಾಗಿ ಹಂಬಲಿಸುತ್ತಿದ್ದವಳು ಆಸ್ಪತ್ರೆಯ ಆಯಾ ಸಣ್ಣತಾಯಮ್ಮ. ಅವಳ ಗಂಡ ಚಲುವಯ್ಯ ಆಲೆಮನೆಯ ಒಲೆಗೆ ಉರಿ ಹಾಕುವವನು. ಕೆಮ್ಮಿದರೆ ತಾರಸಿಗೆ ಕೇಳಿಸುತ್ತಿತ್ತು.

"ನಾ ಯೋಳುದ್ರೆ ಯಾರ್ ಕೇಳಾರು? ನೀನಾದ್ರೂ ಯೋಳವ್ವ," ಎನ್ನುತ್ತಾ ಅವಳು ನನ್ನ ಮೈಮೇಲಿನ ಧೂಳು ಒರೆಸುತ್ತಿದ್ದಳು. ನನ್ನನ್ನು ಮಾತಾಡಿಸಿದ ಮೊದಲ ಜೀವ ಅವಳೇ.

ಬೆಳಿಗ್ಗೆ ಗಂಡನ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಕಳಿಸುವಳು. ನೇರ ಮೇಲೆ ಬಂದು ಗಾಳಿ ಎಳೆಯುವ ನನ್ನ ಬಾಯಿಗೂ ಕಟ್ಟುವಳು. "ಪಾಪ, ನೀನೂ ಉಸ್ರಾಡ್ತೀಯ." ಫಣೀಂದ್ರ ಬರುವ ದಿನ ಮಾತ್ರ ಬಿಚ್ಚುವಳು, ಸಾಹೇಬರ ಮುಂದೆ ಚಿಂದಿ ಸುತ್ತಿಕೊಂಡು ನಿಂತರೆ ಚೆನ್ನಾಗಿರದಲ್ಲ!

ಮಸಿಯೆಲ್ಲ ಬಟ್ಟೆಗೆ ಹೋಯಿತು. ಕಾಗದ ಬೆಳ್ಳಗೇ ಉಳಿಯಿತು. ನನಗೆ ಗೊತ್ತಿತ್ತು. ಆದರೆ ನನ್ನದು ಗಾಳಿ ಎಳೆಯುವ ಬಾಯಿ, ಮಾತಾಡುವುದಲ್ಲ. ನಿಜ ಹೇಳಬೇಕೆಂದರೆ, ಆ ತಂಪು ಹಿತವಾಗಿಯೂ ಇತ್ತು.

ನಾಲ್ಕು ತಿಂಗಳ ವರದಿ ಬಂತು: ಗಾಳಿ ಮಿತಿಯೊಳಗಿದೆ. ಧಣಿ ಇನ್ನೆರಡು ಲಾರಿ ಟೈರು ತರಿಸಿದ.

ಒಂದು ದಿನ ಫಣೀಂದ್ರ ಹೇಳದೆ ಕೇಳದೆ ಬಂದುಬಿಟ್ಟ.

"ಅಯ್ಯೋ ಅಕ್ಕಾ! ಇದೇನಿದು, ಮಿಷನ್ನಿಗೆ ಮುಸುಕು?"

"ಹೊಗೆ ಕುಡ್ದು ಕೆಟ್ಟೋಯ್ತದಲ್ಲ ಸಾ."

"ಹೊಗೆ ಕುಡೀಲಿ ಅಂತಾನೇ ಅಲ್ವೇನಕ್ಕ ಇದನ್ನ ಇಲ್ಲಿಟ್ಟಿರೋದು!"

ಅವಳು ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಳು. ಅದು ಕಾಡಿಗೆಯಷ್ಟು ಕಪ್ಪಾಗಿತ್ತು.

ಮುಂದಿನ ವಾರದ ಕಾಗದವೂ ಹಾಗೇ ಕಪ್ಪಾಯಿತು. ಅದು ಪ್ರಯೋಗಾಲಯ ಸೇರಿದ ಒಂಬತ್ತನೆಯ ದಿನಕ್ಕೆ ನೋಟಿಸು ಬಂತು. ಟೈರು ಹೊತ್ತ ಲಾರಿ ಹಿಂದಿರುಗಿತು. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಯಿತು. ಆದರೆ ಆ ಉರಿ ಹಾಕಿದವನು ಚಲುವಯ್ಯನಲ್ಲ. ಅಷ್ಟರಲ್ಲಿ ಅವನು ಹಾಸಿಗೆ ಹಿಡಿದಿದ್ದ. ಸುಗ್ಗಿ ಮುಗಿಯುವ ಮೊದಲೇ ತೀರಿಕೊಂಡ.

ಗಾಳಿ ತಿಳಿಯಾದ ಮೇಲೆ ನನಗೇನು ಕೆಲಸ? ನನ್ನನ್ನು ಕೆಳಗಿಳಿಸಿದ ದಿನ ಸಣ್ಣತಾಯಮ್ಮ ಜೀಪಿನ ಬಾಗಿಲು ಹಿಡಿದು ಕೇಳಿದಳು: "ಸಾ, ನಾ ಬಟ್ಟೆ ಕಟ್ದೆ ಇದ್ದಿದ್ರೆ ಆ ನೋಟೀಸು ಮುಂಚೇನೆ ಬರ್ತಿತ್ತಾ?"

ಫಣೀಂದ್ರ ನನ್ನ ತಲೆಯ ಮೇಲಿನ ತಗಡಿನ ತುಕ್ಕು ಕೆರೆಯತೊಡಗಿದ. "ಇಲ್ಲ ಬಿಡಕ್ಕ. ನಮ್ಮ ಆಫೀಸಿನೋರು ಅಷ್ಟು ಬೇಗ ಎಲ್ಲಿ ಏಳ್ತಾರೆ? ಹೆಂಗಿದ್ರೂ ಅಷ್ಟೇ ದಿನ ಆಗ್ತಿತ್ತು."

"ದಿಟವಾ?"

"ದಿಟ."

ಈಗ ಕಚೇರಿಯ ಉಗ್ರಾಣದಲ್ಲಿದ್ದೇನೆ. ಮೋಟಾರಿನ ತಂತಿ ಕಿತ್ತಿದ್ದಾರೆ. ಬಾಗಿಲು ತೆರೆಯುವವರೂ ಇಲ್ಲ, ಮಾತಾಡಿಸುವವರೂ ಇಲ್ಲ. ಕಾಗದ ಕಪ್ಪಾಗಿದ್ದರೆ ನೋಟಿಸಿಗೆ ಒಂಬತ್ತೇ ದಿನ ಸಾಕು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಲೆಂದೇ ನನ್ನನ್ನು ಮಾಡಿದ್ದರು. ಅವಳು "ದಿಟವಾ?" ಎಂದು ಕೇಳಿ ನನ್ನ ಕಡೆಗೂ ಒಮ್ಮೆ ತಿರುಗಿದಾಗ ಮಾತ್ರ, ನನಗೆ ಮಾತಾಡುವ ಬಾಯಿ ಕೊಡದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.