ಕಾಯಂ ಮನೆ ಯಾವುದು

ಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಗಳು ಜೋಕಾಲಿ ಬಿಚ್ಚುವ ಹೊತ್ತಿಗೆ ತನ್ನ ಗಂಟೂ ಕಟ್ಟಬೇಕು. ನಮ್ಮ ಕಡೆಯ ಪದ್ಧತಿ ಅದು. ನಾನು ಕಟ್ಟಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು, ಎಳ್ಳಮವಾಸ್ಯೆಗೆ ಎಲ್ಲರ ಜೊತೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆ, ಶಿವರಾತ್ರಿಯೂ ಮುಗಿಯಿತು, ನಾನಿನ್ನೂ ತಮ್ಮನ ಮನೆಯ ಮಾಳಿಗೆ ಕೋಣೆಯಲ್ಲೇ ಇದ್ದೆ. ಹೋಗು ಎಂದು ಯಾರೂ ಅನ್ನಲಿಲ್ಲ. ಇರು ಎಂದೂ ಯಾರೂ ಅನ್ನಲಿಲ್ಲ. ಆ ಎರಡನೆಯ ಮಾತಿಗಾಗಿ ನಾನು ದಿನಾ ಕಿವಿ ತೆರೆದುಕೊಂಡು ಕೂತಿರುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ನನಗೆ ಬೇಕಾಗಿದ್ದದ್ದು ಅದೊಂದೇ.

ನನ್ನ ಹೆಸರು ಕೆಂಚವ್ವ. ಹುಟ್ಟಿದ್ದು ಕಾಗವಾಡದ ಹತ್ತಿರ, ನರ್ಸಿಂಗ್ ಕಲಿತದ್ದು ಮಿರಜ್‌ನಲ್ಲಿ, ದುಡಿದದ್ದೆಲ್ಲ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ. ಅಲ್ಲೇ ಟ್ರಾಮ್ ಓಡಿಸುವ ಫ್ರಾಂಝ್ ಗ್ರೂಬರ್ ಎಂಬವನನ್ನು ಮದುವೆಯಾದೆ, ಅಲ್ಲಿಯ ಪಾಸ್‌ಪೋರ್ಟ್ ತೆಗೆದುಕೊಂಡೆ. ಅಲ್ಲಿ ನಾನು ಫ್ರೌ ಗ್ರೂಬರ್, ಅಂದರೆ ಗ್ರೂಬರ್ ಬಾಯಿ. ಮಕ್ಕಳಾಗಲಿಲ್ಲ. ಹೋದ ಯುಗಾದಿಯ ಸುಮಾರಿಗೆ ಫ್ರಾಂಝ್ ತೀರಿಕೊಂಡ. ಅದಾದ ಮೇಲೆ ಒಂದು ದಿನ ಮಲಗಲು ಹೋದಾಗ, ಬೆಳಗಿನಿಂದ ನಾನು ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲ ಎಂದು ಹೊಳೆಯಿತು. ಮರುದಿನವೂ ಹಾಗೇ ಆಯಿತು. ರೋಗಿಗಳು ಎಷ್ಟೋ ಮಂದಿ ನನ್ನ ಕೈಯಲ್ಲೇ ಸತ್ತಿದ್ದಾರೆ, ಆಗೆಲ್ಲ ಹೆದರದವಳು ಅವತ್ತು ಹೆದರಿದೆ. ಟಿಕೆಟ್ ತೆಗೆಸಿದೆ.

ತಮ್ಮ ವಿರುಪಾಕ್ಷಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು. ಅವನ ಹೆಂಡತಿ ಗೌರಾಬಾಯಿಯೂ ಕೆಟ್ಟವಳಲ್ಲ. ಆದರೆ ಆರು ತಿಂಗಳು ಕಳೆದರೂ ನಾನು ಆ ಮನೆಯಲ್ಲಿ ಪಾವಣ್ಯಾರೇ, ಬಂದುಹೋಗುವ ಅತಿಥಿ. ನನಗೆ ಬಾಟ್ಲಿ ನೀರು, ಉಳಿದವರಿಗೆ ನಳದ ನೀರು. ಊಟಕ್ಕೆ ನನ್ನನ್ನು ಗಂಡಸರ ಜೊತೆ ಮೊದಲು ಕೂರಿಸುವುದು. ಮೆಂತ್ಯೆ ಸೊಪ್ಪು ಸೋಸಲು ಹೋದರೆ ಗೌರಾಬಾಯಿ ಕೈಯಿಂದ ಕಸಿದುಕೊಳ್ಳುತ್ತಿದ್ದಳು. "ಬ್ಯಾಡ್ರಿ ಅಕ್ಕಾರ, ನೀವ್ಯಾಕ ಕೈ ಹೊಲಸ ಮಾಡ್ಕೋತೀರಿ? ಆರಾಮ ಕುಂದರ್ರಿ." ಕೂತು ಕೂತು ನನ್ನ ಸೊಂಟ ಹಿಡಿದುಹೋಯಿತು. ಅಡುಗೆಮನೆಯಲ್ಲಿ ನಗುವಿನ ಸದ್ದು ಕೇಳಿ ಒಳಗೆ ಹೋದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಏನು ಬೇಕಾಗಿತ್ತು ಎಂದು ಕೇಳುತ್ತಿದ್ದರು. ಏನೂ ಬೇಡ ಎಂದು ಮತ್ತೆ ಮಾಳಿಗೆ ಹತ್ತುತ್ತಿದ್ದೆ.

ಇನ್ನು ಶೇರಿನ ವಿಷಯ. ಅಪ್ಪ ಅಥಣಿ ರಸ್ತೆಯಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಕಟ್ಟಿಸಿ, ಅದಕ್ಕೊಂದು ಕಂಪನಿ ಮಾಡಿದ್ದ. ಸಾಯುವ ಮುಂಚೆ ಹೊಲವನ್ನು ತಮ್ಮನ ಹೆಸರಿಗೆ ಬರೆದ. ನನಗೆ ಹೊಲ ಕೊಡಲು ಬರುವಂತಿರಲಿಲ್ಲ, ಪರದೇಶದ ಪ್ರಜೆ ಆಗಿಬಿಟ್ಟಿದ್ದೆ. ಅದರ ಬದಲು ಕಂಪನಿಯಲ್ಲಿ ಕಾಲು ಪಾಲು ಶೇರು ಕೊಟ್ಟ. ಸರಕಾರದ ಲೆಕ್ಕದಲ್ಲಿ ನಾನು ಈ ಕಂಪನಿಯ ವಿದೇಶಿ ಹೂಡಿಕೆದಾರಳು. ಕೇಳಿ ಫ್ರಾಂಝ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ ಡಿವಿಡೆಂಡ್ ಚಹಾ ಪುಡಿಗೂ ಸಾಲುತ್ತಿರಲಿಲ್ಲ. ಈ ವರ್ಷ ಮಾತ್ರ ಕಂಪನಿ ರಸ್ತೆ ಪಕ್ಕದ ಜಾಗ ಮಾರಿತ್ತು. ಬಂದ ದುಡ್ಡನ್ನು ಶೇರುದಾರರಿಗೆ ಹಂಚಬೇಕಿತ್ತು, ನನ್ನ ಪಾಲಿಗೆ ದೊಡ್ಡ ಮೊತ್ತವೇ ಬರುವುದಿತ್ತು. ಕೊಡುವ ಮುಂಚೆ ತೆರಿಗೆ ಎಷ್ಟು ಹಿಡಿಯಬೇಕು ಎಂದು ಕೇಳಲು ನಾನೂ ವಿರುಪಾಕ್ಷಪ್ಪನೂ ಚಿಕ್ಕೋಡಿಗೆ ಹೋದೆವು.

ಉಗಾರ ದಾಟುವುದೇ ಒಂದು ಸಾಹಸ. ಕಬ್ಬಿನ ಟ್ರ್ಯಾಕ್ಟರ್‌ಗಳು ದಾರಿ ಬಿಡಬೇಕಲ್ಲ. ಕೃಷ್ಣೆ ದಾಟಿ ರಾಯಬಾಗದ ಮೇಲೆ ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕಂಪನಿಯ ಲೆಕ್ಕ ನೋಡುವ ಸಿಎ ಕೋರ್ಟಿನ ಹಿಂದಿನ ಓಣಿಯಲ್ಲಿ ಕೂರುತ್ತಾನೆ. ಹೆಸರು ಸಮಾಧಾನ. ಹೆಸರಿಗಷ್ಟೇ, ಕುರ್ಚಿಯಲ್ಲಿ ಒಂದು ಕ್ಷಣ ಸುಮ್ಮನೆ ಕೂತವನಲ್ಲ. ನನ್ನ ಪಾಸ್‌ಪೋರ್ಟ್ ತಿರುವಿ ಹಾಕಿ, ಬಂದ ತಾರೀಖು ನೋಡಿ, ತಲೆ ಕೆರೆದುಕೊಂಡ.

"ಅಕ್ಕಾರ, ವರ್ಷದಾಗ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಇದ್ದೀರಿ. ಹಂಗಾಗಿ ಇಲ್ಲಿ ಕಾಯ್ದೇ ನಿಮ್ಮನ್ನ ಇಲ್ಲಿ ರಹವಾಸಿ ಅಂತೈತಿ. ಅಲ್ಲಿ ನಿಮ್ಮ ಸ್ವಂತ ಮನಿ ಐತಿ, ಪೆನ್ಶನ್ ಬರ್ತೈತಿ. ಅಲ್ಲೀ ಸರಕಾರಾನೂ ಇವರು ನಮ್ಮವರು ಅಂತ ಸರ್ಟಿಫಿಕೇಟ್ ಕೊಟ್ಟೈತಿ."

"ಅಯ್ಯ, ಈ ವಯಸ್ಸಿನ್ಯಾಗ ನನ್ನ ಸಲುವಾಗಿ ಇಬ್ಬರು ಜಗಳಾ ಮಾಡಾಕತ್ತಾರಲ್ಲೋ!" ಎಂದೆ. ವಿರುಪಾಕ್ಷಪ್ಪ ನಕ್ಕ. ಸಮಾಧಾನ ನಗಲಿಲ್ಲ.

"ಆ ಜಗಳಾ ಬಿಡಸಾಕಂತ ಎರಡೂ ದೇಶಾ ಒಂದ ಒಪ್ಪಂದಾ ಮಾಡ್ಕೊಂಡಾವ್ರಿ. ಅದರಾಗ ಮೊದಲನೇ ಪ್ರಶ್ನಿ, ನಿಮ್ಮ ಕಾಯಂ ಮನಿ ಯಾವುದು? ಸ್ವಂತದ್ದ ಇರಬೇಕಂತ ಏನಿಲ್ಲ. ಯಾವಾಗ ಬಂದ್ರೂ ನಿಮಗಂತ ಇಟ್ಟ ಒಂದ ಕೋಣಿ ಇದ್ರೂ ಅದು ಮನೀನ. ವಿಯೆನ್ನಾದಾಗ ಅಷ್ಟ ಮನಿ ಐತಿ, ಇಲ್ಲಿ ಇಲ್ಲ ಅಂದ್ರ ನೀವು ಅಲ್ಲಿಯವರು. ಡಿವಿಡೆಂಡ್ ಮ್ಯಾಲ ನೂರಕ್ಕ ಹತ್ತು ಕೊಟ್ಟ ಕೈ ತೊಳಕೋರಿ."

"ಎರಡೂ ಕಡೆ ಐತಿ ಅಂದ್ರ?"

"ಅಂದ್ರ ಎರಡನೇ ಪ್ರಶ್ನಿ. ನಿಮ್ಮ ಮಂದಿ ಎಲ್ಲಿ ಅದಾರ, ಜೀವಾ ಹಚಗೊಂಡವರು ಎಲ್ಲಿ ಅದಾರ ಅಂತ ನೋಡ್ತಾರ. ಅಲ್ಲಿ ನಿಮಗ ಯಾರದಾರ್ರಿ?"

"ಯಾರೂ ಇಲ್ಲ."

"ಇಲ್ಲಿ?"

ನಾನು ಗದ್ದ ಎತ್ತಿ ವಿರುಪಾಕ್ಷಪ್ಪನ ಕಡೆ ತೋರಿಸಿದೆ.

"ಹಂಗಾದ್ರ ನೀವು ಇಲ್ಲಿಯವರಾಗ್ತೀರಿ. ನೂರಕ್ಕ ಮೂವತ್ತರ ತನಕಾ ಹೋಗ್ತೈತಿ. ಒಂದ ಹೊಸಾ ಟ್ರ್ಯಾಕ್ಟರ್ ರೊಕ್ಕಾ ಸರಕಾರಕ್ಕ ಕೊಟ್ಟಂಗ." ಅವನು ಒಂದು ಹಾಳೆ ಎಳೆದುಕೊಂಡ. "ಯಾಕ ಬೇಕ್ರಿ ಇದೆಲ್ಲಾ? ಮನಿ ಯಜಮಾನರು, ನಿಮ್ಮ ತಮ್ಮ ಸಾಹುಕಾರ್ರು, ಇಲ್ಲೇ ಅದಾರಲ್ಲ, ಒಂದ ಅಫಿಡವಿಟ್ ಮಾಡಿ ಕೊಡ್ಲಿ. ಅಕ್ಕ ಪಾವಣ್ಯಾರಾಗಿ ಬಂದಾರ, ಮನ್ಯಾಗ ಅವರಿಗಂತ ಕಾಯಂ ಕೋಣಿ ಇಲ್ಲ, ಮುಂದನೂ ಇರೂದಿಲ್ಲ. ಇಷ್ಟ ಬರದ ಸಹಿ ಮಾಡಿದ್ರ ಮುಗೀತು."

ಆರು ತಿಂಗಳಿಂದ ಯಾರೂ ಬಾಯಿಬಿಟ್ಟು ಹೇಳದೆ ಉಳಿಸಿಕೊಂಡಿದ್ದ ಮಾತನ್ನು, ನನ್ನ ಕುಲಗೋತ್ರ ಗೊತ್ತಿಲ್ಲದ ಈ ಹುಡುಗ ಬಾಡಿಗೆ ಕರಾರಿನ ಹಾಗೆ ಮೇಜಿನ ಮೇಲೆ ಇಟ್ಟುಬಿಟ್ಟ. ನಾನು ತಮ್ಮನ ಮುಖ ನೋಡಿದೆ. ಸಹಿ ಮಾಡಬೇಡ ಎಂದು ಒಳಗೊಳಗೇ ಬೇಡಿಕೊಂಡೆ. ಟ್ರ್ಯಾಕ್ಟರ್ ಹಾಳಾಗಿ ಹೋಗಲಿ.

ವಿರುಪಾಕ್ಷಪ್ಪನ ಮುಖ ಕೆಂಪಾಯಿತು. ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು.

"ಏನ್ ಮಾತಾಡ್ತೀರಿ ಸಾಹೇಬ್ರ? ಅಕ್ಕಗ ಮನ್ಯಾಗ ಜಾಗಾ ಇಲ್ಲ ಅಂತ ಸ್ಟಾಂಪ್ ಪೇಪರ್ ಮ್ಯಾಲ ಬರದ ಕೊಡೂದಾ? ನೋಟರಿ ಭರಮು ವಕೀಲರು ನನ್ನ ಹೆಂಡ್ತಿ ತವರಿನ ಕಡೇದವರು. ಸಂಜೀ ಅನ್ನೂದ್ರಾಗ ಊರ ತುಂಬ ಆಗ್ತೈತಿ. ಮಂದಿ ನನ್ನ ಮಾರಿ ಮ್ಯಾಲ ಉಗುಳ್ತಾರ. ಇಕೀದು ತವರಮನಿ ಅದು. ಹೋಗ್ಲಿ ರೊಕ್ಕಾ, ನಾ ಸಹಿ ಮಾಡೂದಿಲ್ಲ!"

ಅಬ್ಬಾ! ಎಷ್ಟು ಖುಷಿಯಾಯಿತೆಂದರೆ ಹೇಳಲಾರೆ. ಕಣ್ಣಲ್ಲಿ ನೀರು ಬಂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ. ಆರು ತಿಂಗಳು ಸುಮ್ಮನೆ ಎಲ್ಲರ ಮೇಲೂ ಅನುಮಾನ ಪಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಎಂದು ನನ್ನನ್ನೇ ಬೈದುಕೊಂಡೆ. ಬಾಯಲ್ಲಿದ್ದ ಮಾತು ಅದೇ ಹುರುಪಿನಲ್ಲಿ ಹೊರಗೆ ಬಿತ್ತು.

"ಹಂಗಾರ ನಾ ಇಲ್ಲೇ ಇದ್ದಬಿಡ್ತೀನೋ ತಮ್ಮಾ. ವಿಯೆನ್ನಾದ ಮನಿ ಮಾರ್ತೀನಿ. ಇನ್ನ ಅಲ್ಲಿ ನನಗ ಏನ ಐತಿ?"

"ಹಂಗ ಮಾಡಿದ್ರ ಪ್ರಶ್ನೀನ ಉಳೀಲಿಲ್ಲ," ಎಂದ ಸಮಾಧಾನ, ಪೆನ್ನುಗಳನ್ನು ಆರಿಸುತ್ತ. "ಇದ ಒಂದ ಮನಿ."

ವಿರುಪಾಕ್ಷಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

"ಇರು ಅಕ್ಕಾ, ಯಾರ ಬ್ಯಾಡ ಅಂತಾರ," ಎಂದ ಕೊನೆಗೆ. "ಆದ್ರ ಮ್ಯಾಲಿನ ಕೋಣಿ ಅಂತೀನಿ... ದುಂಡೇಶಂದು ಮದವಿ ಗೊತ್ತ ಮಾಡೇವಲ್ಲ. ಹೊಸಾ ಮದಮಕ್ಕಳಿಗೆ ಅದನ್ನ ಕೊಡಬೇಕಂತ ಗೌರಾ ಬಣ್ಣದವನ್ನ ಕರದ ಹೇಳ್ಯಾಳ."

ದುಂಡೇಶ ಅವನ ಮಗ. ಬಣ್ಣದವನ ಸುದ್ದಿ ನನಗೆ ಆಗಲೇ ಗೊತ್ತಾದದ್ದು.

"ಕೆಳಗಿನ ಕೋಣಿ ಆಗ್ತೈತಿ ಬಿಡು. ನನಗರ ಮ್ಯಾಲ ಹತ್ತೂದ ಇಳಿಯೂದ ಯಾಕ ಬೇಕು?"

"ಕೆಳಗಿನ ಕೋಣ್ಯಾಗ ಗೌರಾ ಮಲಗ್ತಾಳಲ್ಲ, ಮೊಣಕಾಲು ಬ್ಯಾನಿ ಅಕೀಗೆ. ಪಡಸಾಲ್ಯಾಗ ನಿನಗ ಸರಿ ಆಗೂದಿಲ್ಲ, ಹೋಗೋ ಬರೋ ಮಂದಿ."

"ಸ್ಟೋರೇಜ್ ಹಿಂದ ಒಂದ ಖೋಲಿ ಖಾಲಿ ಐತಲ್ಲೋ. ಸುಣ್ಣಾ ಹೊಡಿಸಿದ್ರ ಸಾಕು."

ಅದನ್ನು ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಯಿತು. ಆಸ್ಪತ್ರೆಯ ಒಂದು ಇಡೀ ವಾರ್ಡನ್ನು ಬಾಯಿ ಜೋರಿನಿಂದಲೇ ನಡೆಸಿದವಳು ನಾನು. ಒಂದು ಖೋಲಿಗಾಗಿ ತಮ್ಮನ ಮುಂದೆ ಗೋಗರೆಯುತ್ತಿದ್ದೆ.

"ಅಲ್ಲಿ ಯಂತ್ರದ ಸಪ್ಪಳಾ ಭಾಳ ಅಕ್ಕಾ," ಎಂದ ವಿರುಪಾಕ್ಷಪ್ಪ. ನೆಲ ನೋಡುತ್ತ ಮೆಲ್ಲಗೆ ಹೇಳಿದ. "ನಿನಗ ಅಲ್ಲೀ ಚೊಕ್ಕ ಮನಿ, ದವಾಖಾನಿ, ಎಲ್ಲಾ ರೂಢಿ ಆಗೇತಿ. ಇಲ್ಲಿ ಧೂಳಿನ್ಯಾಗ ನೀ ತ್ರಾಸ ಪಟ್ರ ನನ್ನ ಜೀವಕ್ಕ ಸಮಾಧಾನ ಇರೂದಿಲ್ಲ."

ಹೊರಗೆ ಕೋರ್ಟಿನ ಅಂಗಳದಲ್ಲಿ ಯಾರದೋ ಹೆಸರು ಕೂಗುತ್ತಿದ್ದರು. ನಾನು ನರ್ಸು, ಮನುಷ್ಯರ ಮುಖ ನೋಡಿಯೇ ಒಳಗಿನ ನೋವು ಹೇಳಬಲ್ಲೆ. ತಮ್ಮನ ಮುಖದಲ್ಲಿ ನೋವಿತ್ತು, ಸುಳ್ಳು ಹೇಳಲಾರೆ. ಆದರೆ ನೋವಿನ ಜೊತೆಗೆ ಇನ್ನೊಂದು ಇತ್ತು. ಬಾಗಿಲು ಹುಡುಕುತ್ತಿದ್ದವನಿಗೆ ಬಾಗಿಲು ಕಂಡ ಹಾಗಿನ ಬಿಡುಗಡೆ. ಅವನು ಸಮಾಧಾನನ ಕಡೆ ತಿರುಗಿದ.

"ಸಾಹೇಬ್ರ, ನೀವು ಅಂದದ್ದೂ ಖರೇನ ಅನಸ್ತೈತ್ರಿ. ಸುಮ್ಮನ ಅಕ್ಕನ ರೊಕ್ಕಾ ಯಾಕ ಹಾಳ ಮಾಡೂದು? ಎಲ್ಲಿ ಸಹಿ ಮಾಡಬೇಕು?"

ನನಗೆ ಬಂದ ಸಿಟ್ಟಿಗೆ ಆ ಮೇಜನ್ನೇ ಎತ್ತಿ ಹಾಕಬೇಕು ಅನಿಸಿತು. ಯಾರ ಮೇಲೆ ಎತ್ತಿ ಹಾಕಲಿ? ಅವನು ನನ್ನ ರೊಕ್ಕ ಉಳಿಸುತ್ತಿದ್ದ. ಬೈಯಬೇಕೆಂದರೆ ಬೈಯಲು ಒಂದು ತಪ್ಪೂ ಸಿಗಲಿಲ್ಲ.

ಭರಮು ವಕೀಲರ ಟೇಬಲ್ಲು ಕೋರ್ಟಿನ ಬೇವಿನ ಮರದ ಕೆಳಗೆ. ಸಮಾಧಾನ ಟೈಪು ಮಾಡಿಸಿ ಕೊಟ್ಟದ್ದನ್ನು ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಸುತ್ತ ಜನ ಇದ್ದರು. ನನ್ನ ಸಹೋದರಿ ಶ್ರೀಮತಿ ಕೆಂಚವ್ವ ಗ್ರೂಬರ್ ಇವರು ಅತಿಥಿಯಾಗಿ ಬಂದಿರುತ್ತಾರೆ, ನನ್ನ ಮನೆಯಲ್ಲಿ ಇವರಿಗೆ ಕಾಯಂ ವಾಸಕ್ಕೆ ಯಾವುದೇ ಸ್ಥಳ ಇರುವುದಿಲ್ಲ, ಮುಂದೆಯೂ ಇರುವುದಿಲ್ಲ. ವಿರುಪಾಕ್ಷಪ್ಪ ಟವೆಲ್ ಬಾಯಿಗೆ ಒತ್ತಿ ಹಿಡಿದು ನಿಂತಿದ್ದ. ಈಗ ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ನಾನು ಕಾದೆ. ಇದೆಂಥ ತವರೋ ಎಂದು ಒಬ್ಬ, ಒಬ್ಬನೇ ಒಬ್ಬ ಕೇಳಿದರೆ ಸಾಕಿತ್ತು.

"ಟ್ಯಾಕ್ಸ್ ಸಲುವಾಗಿ ಏನಪಾ? ಶ್ಯಾಣ್ಯಾ ಅದಿ ಬೀಗಾ," ಎಂದು ಭರಮು ವಕೀಲರು ಶಿಕ್ಕಾ ಒತ್ತಿದರು. "ಎಷ್ಟ ಉಳೀತು?"

ಪಕ್ಕದಲ್ಲಿ ಕೂತಿದ್ದವರೂ ಎಷ್ಟು ಉಳಿಯಿತು ಎಂದು ತಿಳಿಯಲು ಕತ್ತು ಚಾಚಿದರು. ಹೋದೀತೆಂದು ತಮ್ಮ ಅಂಜಿದ್ದ ಮಾನ ಎಲ್ಲೂ ಹೋಗಲಿಲ್ಲ. ನಾನು ನಂಬಿಕೊಂಡಿದ್ದ ಊರ ಮಂದಿಯೂ ನನ್ನ ಕಡೆ ಆಗಲಿಲ್ಲ. ವಕೀಲರು ಕಾಗದವನ್ನು ನನ್ನ ಕಡೆ ಸರಿಸಿದರು. "ನೀವೂ ಒಂದ ಸಹಿ ಹಾಕ್ರಿ ಬಾಯಾರ, ಒಪ್ಪಿಗಿ ಐತಿ ಅಂತ."

ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದೆ.

ಗಾಡಿ ಹತ್ತಿರ ಬಂದು ವಿರುಪಾಕ್ಷಪ್ಪ ಬಾಗಿಲು ತೆಗೆದು ಹಿಡಿದ. ಅವನ ಕಣ್ಣುಗಳು ಕೆಂಪಗಿದ್ದವು. "ಊಟದ ಹೊತ್ತ ಮೀರಿತು. ಮನಿಗಿ ಹೋಗೋಣ ನಡಿ ಅಕ್ಕಾ," ಎಂದ. ಅಂದ ಮೇಲೆ ತನ್ನ ಮಾತು ಅವನಿಗೇ ಕೇಳಿಸಿತು ಎಂದು ಕಾಣುತ್ತದೆ, ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ನಾನೂ ನಿಂತೆ. ಬಸ್‌ಸ್ಟ್ಯಾಂಡ್ ಹತ್ತಿರವೇ ಇತ್ತು, ಕೊಲ್ಲಾಪುರದ ಬಸ್ಸೂ ಇತ್ತು, ಬೆಳಗಾವಿಯದೂ ಇತ್ತು. ಎರಡೂ ಊರಿನಲ್ಲಿ ನನಗೆ ಯಾರೂ ಇರಲಿಲ್ಲ.

ಗಾಡಿ ಹತ್ತಿ ಕೂತೆ. ಅವನು ಬಾಗಿಲು ಹಾಕಿದ.