ವಕೀಲರಿಲ್ಲದವಳಿಗೆ ವಕೀಲರ ಪತ್ರ

ಎಲ್ಲರಿಗೂ ನ್ಯಾಯ ಎಟುಕುವಂತೆ ನೋಡಿಕೊಳ್ಳುವ ರಾಜ್ಯದ ನ್ಯಾಯಲಭ್ಯತಾ ಆಯೋಗಕ್ಕೆ ಆ ವರ್ಷ ಒಂದು ಕುರ್ಚಿ ಹೆಚ್ಚಾಯಿತು. ನ್ಯಾಯಾಧೀಶರದು, ವಕೀಲರ ಸಂಘದ್ದು, ಕಾನೂನು ಕಾಲೇಜಿನದು ಎಂದು ಮೊದಲಿನಿಂದ ಹದಿನಾಲ್ಕಿದ್ದವು. ಹದಿನೈದನೆಯದು, ವಕೀಲರಿಲ್ಲದೆ ಕೋರ್ಟಿನಲ್ಲಿ ಒಬ್ಬಂಟಿಯಾಗಿ ನಿಂತವರಿಗೆ.

ಬಂದ ಅರ್ಜಿಗಳನ್ನು ಜೋಡಿಸಿ, ಸದಸ್ಯರನ್ನು ಆರಿಸುವ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಮುಂದಿಡುವ ಕೆಲಸ ನೋಲಾ ಪೆಲ್ಕಿಯದು. ಸೇರಿ ಎಂಟು ತಿಂಗಳಾಗಿತ್ತು. ಅವಳ ದನಿ ಹೇಗಿದೆ ಎಂಬುದು ಪಕ್ಕದ ಕೋಣೆಯವರಿಗೆ ಇನ್ನೂ ಗೊತ್ತಿರಲಿಲ್ಲ.

ಹೊಸ ಕುರ್ಚಿಗೆ ಮೂರು ಅರ್ಜಿಗಳು. ಒಬ್ಬರು ಪಾರ್ಕಿಂಗ್ ದಂಡದ ವಿರುದ್ಧ ತಾವೇ ವಾದಿಸಿ ಗೆದ್ದಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು. ಇನ್ನೊಬ್ಬರು ನೆರೆಯವರೊಡನೆ ಬೇಲಿ ವ್ಯಾಜ್ಯ ಹೂಡಿದ್ದ ಪ್ರೊಫೆಸರು. ಮೂರನೆಯದು ಕೊರಿನ್ ಥಿಬೊಡೊ ಎಂಬ ಶಾಲಾ ಬಸ್ ಚಾಲಕಿಯದು, ಕೈಬರಹದಲ್ಲಿ. 'ಹನ್ನೊಂದು ವರ್ಷ ಬಾಡಿಗೆಗೆ ಇದ್ದ ಮನೆಯನ್ನು ಕೋರ್ಟಿನಲ್ಲಿ ನಾಲ್ಕು ನಿಮಿಷದಲ್ಲಿ ಕಳೆದುಕೊಂಡೆ. ನನ್ನ ಹಿಂದೆ ಸಾಲಿನಲ್ಲಿ ಇನ್ನೂ ಮೂವತ್ತು ಜನರಿದ್ದರು. ವಾಯಿದೆ ಕೇಳಬಹುದು ಅಂತ ನಮಗೆ ಯಾರೂ ಹೇಳಲಿಲ್ಲ.'

ನೋಲಾ ಅದನ್ನು ಎರಡು ಸಲ ಓದಿ, ಮೇಲಧಿಕಾರಿ ಗ್ರೆಚೆನ್ ಬಳಿಗೆ ಒಯ್ದಳು.

"ಇದು ಅಪೂರ್ಣ ಕಣಮ್ಮ," ಎಂದಳು ಗ್ರೆಚೆನ್ ಫೈಲು ತಿರುವಿ. "ಕೋರ್ಟಿನಲ್ಲಿ ಇವರ ನಡತೆ ಬಲ್ಲ ವಕೀಲರ ಪತ್ರ ಬೇಕು. ಎಲ್ಲಿದೆ?"

"ಅವರಿಗೆ ವಕೀಲರೇ ಇರಲಿಲ್ಲ. ಕುರ್ಚಿ ಇರೋದೇ ಅಂಥವರಿಗೆ."

ಹದಿನಾಲ್ಕು ಕುರ್ಚಿಗಳ ಅರ್ಜಿ ನಮೂನೆಯನ್ನೇ ಹದಿನೈದನೆಯದಕ್ಕೂ ನಕಲು ಮಾಡಿದ್ದು ಆಗಷ್ಟೇ ಗ್ರೆಚೆನ್‌ಗೆ ಹೊಳೆಯಿತು. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಅಯ್ಯೋ ಕರ್ಮ. ಆದ್ರೆ ಮಿಕ್ಕ ಇಬ್ಬರೂ ಗುರುತಿನ ವಕೀಲರನ್ನ ಹಿಡಿದು ಪತ್ರ ತಂದಿದಾರಲ್ಲ? ಈಗ ನಿಯಮ ಬದಲಿಸಿದ್ರೆ ಅವರು ಸುಮ್ಮನಿರಲ್ಲ. ಸೋಮವಾರ ಮಧ್ಯಾಹ್ನ ಹನ್ನೆರಡರವರೆಗೆ ಟೈಮಿದೆ. ಬರದಿದ್ರೆ ವಂದನೆ ಹೇಳಿ ವಾಪಸ್ ಕಳಿಸು."

ಅವತ್ತು ಶುಕ್ರವಾರ. ಹೇಳಬೇಕಾದ್ದನ್ನು ಮೊದಲು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ನೋಲಾ ಫೋನ್ ಮಾಡಿದಳು.

ಕೊರಿನ್ ಗಟ್ಟಿಯಾಗಿ ನಕ್ಕಳು. "ನನಗೆ ವಕೀಲ ಸಿಕ್ಕಿದ್ರೆ ಈ ಅರ್ಜಿ ಯಾಕೆ ಹಾಕ್ತಿದ್ದೆ ಕಂದಾ? ಹೋಗ್ಲಿ ಬಿಡು. ಅಲ್ಲೂ ಬಾಗಿಲು ಹಾಕಿದಾರೆ ಅಂದ್ಕೋತೀನಿ."

ಚೀಟಿಯಲ್ಲಿದ್ದ ಮಾತು ಮುಗಿದಿತ್ತು. ನೋಲಾ ನಿಯಮದ ಸಾಲನ್ನು ಮತ್ತೊಮ್ಮೆ ಬೆರಳಿಟ್ಟು ಓದಿದಳು.

"ಅವತ್ತು ನಿಮ್ಮನ್ನ ಕೋರ್ಟಲ್ಲಿ ನೋಡಿದ ವಕೀಲರು ಒಬ್ರೂ ಇಲ್ವಾ?"

"ಒಬ್ಬ ಇದ್ದ. ಮನೆ ಮಾಲೀಕನ ಕಡೆಯವನು. ಹಾಸ್ಕೆಲ್ ಅಂತ."

"ನಿಮ್ಮ ಕಡೆಯ ವಕೀಲರೇ ಆಗಬೇಕು ಅಂತ ಇಲ್ಲಿ ಬರೆದಿಲ್ಲ."

ಕೊರಿನ್ ನಗು ನಿಲ್ಲಿಸಿದಳು.

"ನನ್ನನ್ನ ಬೀದಿಗೆ ಹಾಕಿಸಿದವನ ಹತ್ರ ನಾನೇ ಹೋಗಿ ಕೈ ಚಾಚಬೇಕಾ? ಪ್ರತಿ ಶನಿವಾರ ಚರ್ಚಲ್ಲಿ ಊರಿಗೆಲ್ಲ ಹಾಕೋ ಬೀನ್ಸ್ ಊಟಕ್ಕೆ ಬರ್ತಾನೆ ಮಹಾರಾಯ. ಆ ಮುಖ ನೋಡಬಾರದು ಅಂತ ನಾನು ತಟ್ಟೆ ಎತ್ಕೊಂಡು ಅಡಿಗೆಮನೆಗೆ ಹೋಗ್ತೀನಿ."

ನೋಲಾ ನಿಯಮದ ಸಾಲಿನಿಂದ ಬೆರಳು ತೆಗೆದಳು. "ಕ್ಷಮಿಸಿ. ನಾನು ಹಾಗೆ ಕೇಳಬಾರದಿತ್ತು."

"ಯೋಚಿಸ್ತೀನಿ," ಎಂದು ಕೊರಿನ್ ಫೋನಿಟ್ಟಳು.

ಸೋಮವಾರ ಹನ್ನೊಂದೂ ಮುಕ್ಕಾಲಿಗೆ ಕೊರಿನ್ ತಾನೇ ಬಂದಳು, ಬೂಟಿನ ಹಿಮ ಕೊಡವುತ್ತ. ಐವತ್ತು ದಾಟಿದ, ಅಗಲ ಭುಜದ ಹೆಂಗಸು. "ಶನಿವಾರ ಊಟದಲ್ಲಿ ಕೇಳಿದ ತಕ್ಷಣ ಅವನ ಕೈಲಿದ್ದ ಬ್ರೆಡ್ಡು ಬಿದ್ದೋಯ್ತು," ಎಂದು ಲಕೋಟೆ ಕೊಟ್ಟಳು. "ಏನು ಬರೆದಿದಾನೋ ನಾನು ಓದಿಲ್ಲ. ಧೈರ್ಯ ಬರಲಿಲ್ಲ." ಮಧ್ಯಾಹ್ನದ ಬಸ್ಸಿನಲ್ಲಿ ಶಿಶುವಿಹಾರದ ಮಕ್ಕಳನ್ನು ಮನೆ ಸೇರಿಸಬೇಕಿತ್ತು, ನಿಲ್ಲದೆ ಹೊರಟುಹೋದಳು.

ಗ್ರೆಚೆನ್ ಮೇಜಿನ ಬಳಿ ನೋಲಾ ಪತ್ರವನ್ನು ಗಟ್ಟಿಯಾಗಿ ಓದಿದಳು.

'ಶ್ರೀಮತಿ ಥಿಬೊಡೊ ತಮ್ಮ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದರು. ಯಾರೂ ಅವನ್ನು ಕೇಳಲಿಲ್ಲ. ವಾಯಿದೆ ಕೇಳುವ ಹಕ್ಕು ಅವರಿಗಿತ್ತು. ಅದು ನನಗೆ ಗೊತ್ತಿತ್ತು. ಹೇಳುವುದು ನನ್ನ ಕೆಲಸವಾಗಿರಲಿಲ್ಲ, ನಾನು ಹೇಳಲಿಲ್ಲ. ಹೇಳುವವರು ಆ ಕೋಣೆಯಲ್ಲಿ ಯಾರಾದರೂ ಇರಬೇಕಿತ್ತು. ಸೋತ ಮೇಲೂ, ಹೊರಗೆ ಹೋಗುವಾಗ ಅವರು ನನಗಾಗಿ ಬಾಗಿಲು ತೆರೆದು ಹಿಡಿದು ನಿಂತರು.'

ಗ್ರೆಚೆನ್ ಫೈಲಿನ ಮೇಲೆ 'ಪೂರ್ಣ' ಎಂಬ ಮುದ್ರೆ ಒತ್ತಿ, ಎದ್ದು ಹೋಗಿ ಕಾಫಿ ಬಗ್ಗಿಸಿಕೊಂಡಳು.

ಗುರುವಾರ ಬೆಳಿಗ್ಗೆ ನ್ಯಾಯಮೂರ್ತಿಗಳು ಒಳಗೆ ಸೇರಿದರು. ಬೇರೆ ಕುರ್ಚಿಗಳಿಗೆ ಐದೈದು ನಿಮಿಷ ಸಾಕಾಗಿತ್ತು, ಈ ಒಂದಕ್ಕೆ ಅರ್ಧ ಗಂಟೆ ಹಿಡಿಯಿತು. ಹೊರಬಂದ ಹಾಳೆಯಲ್ಲಿ ಹದಿನೈದನೆಯ ಹೆಸರು ಕೊರಿನ್ ಥಿಬೊಡೊ.

ಈ ಸಲ ನೋಲಾ ಚೀಟಿ ಬರೆದುಕೊಳ್ಳದೆಯೇ ಫೋನ್ ಮಾಡಿದಳು.

"ನೀವು ಆಯ್ಕೆ ಆಗಿದೀರಿ. ಮೂರು ವರ್ಷಕ್ಕೆ."

"ಸುಳ್ಳು ಹೇಳ್ಬೇಡ ಕಂದಾ," ಎಂದಳು ಕೊರಿನ್. "ಅಷ್ಟು ದೊಡ್ಡವರ ನಡುವೆ ನಾನು ಏನಂತ ಬಾಯಿ ಬಿಡಲಿ?"

"ಅರ್ಜಿಯಲ್ಲಿ ಬರೆದಿದ್ದನ್ನೇ ಹೇಳಿ. ನೇಮಕಾತಿ ಆದೇಶ ಕಳಿಸಬೇಕು. ಯಾವ ವಿಳಾಸಕ್ಕೆ?"

"ವಿಳಾಸನಾ…" ಕೊರಿನ್ ತಡವರಿಸಿದಳು. "ಸದ್ಯಕ್ಕೆ ನಮ್ಮಕ್ಕನ ಮನೆದು ಬರ್ಕೋ. ಹಿಂದುಗಡೆ ಗ್ಯಾರೇಜಿದೆ, ಅದರ ಮೇಲಿನ ಕೋಣೆ."

ರಾಜ್ಯದ ಲಾಂಛನವಿದ್ದ ದಪ್ಪ ಲಕೋಟೆಯ ಮೇಲೆ ನೋಲಾ 'ಆಯೋಗದ ಸದಸ್ಯೆ' ಎಂದು ಬರೆದಳು. ಕೆಳಗೆ, ಒಂದಕ್ಷರವೂ ಬಿಡದೆ, ಗ್ಯಾರೇಜಿನ ಮೇಲಿನ ಕೋಣೆ ಎಂದು ಬರೆದಳು.